ಬಳಿದ ತೇವ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಹೇಳಿದ ಮಹಾರಾಯ ಜನ್ಮದಲ್ಲಿ ಬಾಡಿಗೆ ಮನೆ ಹುಡುಕಿದವನಲ್ಲ. ಹುಡುಕಿದ್ದರೆ ಗಾದೆಗೆ ಮೂರನೆಯದೊಂದನ್ನು ಸೇರಿಸಿ, ಮೊದಲಿನ ಎರಡೂ ಮಕ್ಕಳಾಟ ಎಂದುಬಿಡುತ್ತಿದ್ದ. ಇದು ಪೇಂಟರನ ಹೆಂಡತಿ ಕಿಡಿಯ ಅಭಿಪ್ರಾಯ. ಬಾಯಿ ತೆರೆದರೆ ಕಿಡಿ ಹಾರುತ್ತದೆ ಎಂದು ಗಂಡನೇ ತಮಾಷೆಗೆ ಇಟ್ಟ ಹೆಸರು ಬೀದಿಗೆಲ್ಲ ರೂಢಿಯಾಗಿ ಹೋಗಿತ್ತು. ಅವಳೂ ಆ ಹೆಸರಿಗೆ ಎಂದೂ ಮೋಸ ಮಾಡಿದವಳಲ್ಲ.

ಮದುವೆಯಾದ ಮೇಲೆ ಅವರು ಖಾಲಿ ಮಾಡಬೇಕಾಗಿ ಬಂದದ್ದು ಇದು ಮೂರನೆಯ ಮನೆ. ಬಾಡಿಗೆ ಬಾಕಿ ಇಟ್ಟಿದ್ದರೇ? ಇಲ್ಲ. ಅಕ್ಕಪಕ್ಕದವರ ಜೊತೆ ಜಗಳವಾಡಿದ್ದರೇ? ಕಿಡಿ ಇದ್ದೂ ಅದೂ ಇಲ್ಲ. ತಪ್ಪೆಲ್ಲ ಗಂಡನ ಕೈಯದು. ಆ ಮನುಷ್ಯನಿಗೆ ಬಿರುಕು ಬಿಟ್ಟ ಗೋಡೆ ಕಂಡರೆ ಊಟ ಸೇರದು. ದಿನವಿಡೀ ಊರವರ ಗೋಡೆಗೆ ಬಣ್ಣ ಹಚ್ಚಿ ಬಂದು, ಕಾಲು ಚಾಚಿ ಕೂತರೆ ಎದುರಿನ ಗೋಡೆ ಕಾಣುತ್ತಿತ್ತು, ಕೈ ತುರಿಸುತ್ತಿತ್ತು. ಕೆಲಸದಲ್ಲಿ ಮಿಕ್ಕ ಅರ್ಧ ಡಬ್ಬ ಬಣ್ಣ, ತಳದಲ್ಲಿ ಉಳಿದ ಪುಟ್ಟಿ, ಯಾರೋ ಬೇಡವೆಂದು ಬಿಟ್ಟ ಪ್ರೈಮರ್ ಎಲ್ಲ ಮನೆಗೆ ಬರುತ್ತಿತ್ತು. ಭಾನುವಾರ ಬಂತೆಂದರೆ ಕೆರೆಯುವುದು, ಮೆತ್ತುವುದು, ಉಜ್ಜುವುದು, ಬಳಿಯುವುದು. "ನಾವಿರೋ ಮನೆ ಅಲ್ವೇನೇ, ಹೇಗಂತ ಬಿಡೋದು?" ಎನ್ನುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು.

ಮನೆ ಫಳಫಳ ಎನ್ನತೊಡಗಿದ್ದೇ ತಡ, ಮಾಲೀಕರ ಕಣ್ಣು ಬೀಳುತ್ತಿತ್ತು. ಮೊದಲನೆಯವರು ಇದ್ದಕ್ಕಿದ್ದಂತೆ ಬಾಡಿಗೆ ಏರಿಸಿದರು. ಎರಡನೆಯವರು ಮಗಳ ಸಂಸಾರಕ್ಕೆ ಮನೆ ಬೇಕು ಎಂದರು. ಮಗಳು ಬರಲಿಲ್ಲ, ಹೊಸ ಬಾಡಿಗೆದಾರರು ಬಂದರು. ಮೂರನೆಯವರಿಗೆ ಅಷ್ಟು ನಾಟಕವೂ ಬೇಕಾಗಲಿಲ್ಲ. "ಈಗ ಈ ಮನೆಗೆ ನೀವು ಕೊಡೋ ಬಾಡಿಗೆ ಯಾವ ಮೂಲೆಗೂ ಸಾಲಲ್ಲ, ನೀವೇ ನೋಡಿ ಹೇಗೆ ಹೊಳೀತಿದೆ" ಎಂದು ಪೇಂಟರನ ಮುಖಕ್ಕೇ ಹೇಳಿದರು. ಹೊಳೆಯುವಂತೆ ಮಾಡಿದವನ ಮುಖಕ್ಕೆ! ಗೆದ್ದಲು ಮೈಮುರಿದು ಹುತ್ತ ಕಟ್ಟಬೇಕು, ಹಾವು ಬಂದು ಹಾಯಾಗಿ ಮಲಗಬೇಕು. ಇದು ಯಾವ ಸೀಮೆಯ ನ್ಯಾಯ ಹೇಳಿ.

ಆ ದಿನ ಕಿಡಿ ಗಂಡನನ್ನು ನಿಲ್ಲಿಸಿ ಆಣೆ ಹಾಕಿಸಿಕೊಂಡಳು. "ಮುಂದಿನ ಮನೇಲಿ ಗೋಡೆಗೆ ಒಂದೇ ಒಂದು ಬೆರಳು ಸುಣ್ಣ ಹಚ್ಚಿದ್ರೆ ನನ್ನಾಣೆ."

"ಬಿರುಕು ಇದ್ರೆ?"

"ಬಿರುಕಿಗೆ ಮುಖ ತಿರುಗಿಸಿ ಮಲಗಿ."

ಪೇಂಟರ್ ಒಪ್ಪಿಕೊಂಡ. ಮುಖ ಮಾತ್ರ ಸಪ್ಪಗಾಗಿತ್ತು, ಕುಡುಕನಿಗೆ ಕುಡಿತ ಬಿಡಿಸಿದ ಹಾಗೆ.

ಊರಾಚೆ ಹೋದರೆ ಮನೆ ಅಗ್ಗಕ್ಕೆ ಸಿಗುತ್ತದೆ ಎಂದು ಬುದ್ಧಿ ಹೇಳುವವರಿಗೇನು, ಎಲ್ಲೆಲ್ಲೂ ಇದ್ದರು. ಹೇಳುವವರಿಗೆ ಬೆಳಿಗ್ಗೆ ಎದ್ದು ಬಸ್ಸಿಗೆ ಜೋತು ಬೀಳುವ ಕಷ್ಟವಿರಲಿಲ್ಲ. ಪೇಂಟರನಿಗೆ ಕೆಲಸ ಸಿಗುತ್ತಿದ್ದುದು ಅದೇ ಬಡಾವಣೆಯ ಬಣ್ಣದ ಅಂಗಡಿಯ ಕಟ್ಟೆಯ ಮೇಲೆ. ಹೊತ್ತಿಗೆ ಮುಂಚೆ ಅಲ್ಲಿ ನಿಂತವನಿಗೆ ಕೆಲಸ, ತಡವಾಗಿ ಬಂದವನಿಗೆ ಕಟ್ಟೆ. ಕಿಡಿ ದುಡಿಯುತ್ತಿದ್ದುದು ಅಲ್ಲೇ ಒಂದು ಟೈಲರ್ ಅಂಗಡಿಯಲ್ಲಿ, ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಹೊಲಿಯುವ ಕೆಲಸ. ಇವೆರಡೂ ಹೋಗಲಿ ಎಂದರೂ ಗುಬ್ಬಿ ಇದ್ದಳು. ಆರು ವರ್ಷದ ಮಗಳು. ಹುಟ್ಟಿದಾಗಿನಿಂದ ಉಬ್ಬಸ. ಉಸಿರು ಕಟ್ಟಿದರೆ ಎತ್ತಿಕೊಂಡು ಓಡಬೇಕು, ಮೂಗಿಗೆ ಮುಖವಾಡ ಇಟ್ಟು ಔಷಧಿಯ ಹಬೆ ಕೊಡಿಸಬೇಕು. ಹಬೆ ಕೊಡುವ ಆರೋಗ್ಯ ಕೇಂದ್ರ ಟೈಲರ್ ಅಂಗಡಿಯ ಹಿಂದಿನ ಬೀದಿಯಲ್ಲಿತ್ತು. ಅಲ್ಲಿಗೆ ಓಡಿ ತಲುಪುವಷ್ಟು ಹತ್ತಿರ ಮನೆ ಇರಬೇಕು. ಕಿಡಿಗೆ ಬೇಕಾಗಿದ್ದುದು ಅಷ್ಟೇ. ಅರಮನೆ ಯಾರು ಕೇಳಿದರು?

ಹುಡುಕಿಸಲು ಒಬ್ಬ ಬ್ರೋಕರ್ ಸಿಕ್ಕ. ಏನು ಹೇಳಿದರೂ "ಮಾಡ್ಸೋಣ ಬಿಡಿ" ಎನ್ನುತ್ತಿದ್ದುದರಿಂದ ಅವನಿಗೆ ಮಾಡ್ಸೋಣ ಎಂದೇ ಹೆಸರು. ಗಾಳಿ ಬೆಳಕು ಬೇಕು ಎಂದರೆ ಮಾಡ್ಸೋಣ, ಮುಂಗಡ ಕಡಿಮೆ ಇರಲಿ ಎಂದರೆ ಮಾಡ್ಸೋಣ. ಸೂರ್ಯನನ್ನು ಪಶ್ಚಿಮದಲ್ಲಿ ಹುಟ್ಟಿಸು ಎಂದಿದ್ದರೂ ಅದನ್ನೇ ಹೇಳುತ್ತಿದ್ದನೋ ಏನೋ. ಅವನ ಸ್ಕೂಟರಿನ ಹಿಂದೆ ಇವರು ನಡೆದೂ ನಡೆದೂ ಚಪ್ಪಲಿ ಸವೆಯಿತು.

ಒಂದು ಮನೆಯ ಯಜಮಾನರು ಬಾಗಿಲನ್ನು ಅರ್ಧ ತೆರೆದು, "ಏನು ಕೆಲಸ?" ಎಂದು ಕೇಳಿದರು. ಪೇಂಟರ್ ಎಂದದ್ದೇ, "ಮನೇಲಿ ಪೇಂಟು, ಟರ್ಪೆಂಟೈನು ಇಡ್ತೀರಿ. ಬೆಂಕಿ ಹತ್ತಿಕೊಂಡ್ರೆ ಯಾರು ಜವಾಬ್ದಾರಿ?" ಎಂದು ಬಾಗಿಲನ್ನು ಕಾಲು ಭಾಗ ಮಾಡಿದರು. ಇನ್ನೊಂದು ಮನೆಯಲ್ಲಿ ಯಜಮಾನಿತಿ ಎಲ್ಲಕ್ಕೂ ಒಪ್ಪಿ, ಇನ್ನೇನು ಬೀಗದ ಕೈ ಕೊಡಬೇಕು, ಅಷ್ಟರಲ್ಲಿ ಗುಬ್ಬಿ ಕೆಮ್ಮಿದಳು. "ಅಯ್ಯೋ, ಅಂಟು ರೋಗವೇನಮ್ಮ?" ಎಂದು ಬೀಗದ ಕೈ ಸೆರಗಿನೊಳಗೆ ಹೋಯಿತು. ಕಿಡಿ ಸುಮ್ಮನಿರುತ್ತಾಳೆಯೇ? "ಹೌದಮ್ಮ, ಬಡತನ ಅಂತ ರೋಗ. ಹತ್ತಿರ ನಿಂತ್ರೆ ಅಂಟತ್ತೆ, ದೂರ ಇರಿ" ಎಂದು ಮಗಳನ್ನು ಎತ್ತಿಕೊಂಡು ಹೊರಟಳು. ಮಾಡ್ಸೋಣ ತಲೆ ಚಚ್ಚಿಕೊಂಡ.

ಅವನು ಮುಂದೆ ತೋರಿಸಿದ್ದು ಮೂಲೆಯ ಎರಡು ಕೋಣೆಯ ಮನೆ. ಗೇಟು ದಾಟುವಾಗಲೇ ಪೇಂಟರನ ನಡಿಗೆ ನಿಧಾನವಾಯಿತು. ಒಳಗೆ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟವನು ತೆಗೆಯಲೇ ಇಲ್ಲ. ಹೋದ ತಿಂಗಳಷ್ಟೇ ಆ ಮನೆಗೆ ಬಣ್ಣ ಹಚ್ಚಿದ್ದವನು ಅವನೇ.

ಮಾಲೀಕ ಅವನ ಗುರುತು ಹಿಡಿದು ನಕ್ಕ. "ಓಹೋ ಪೇಂಟರ್! ಏನು, ಎಲ್ಲಾದ್ರೂ ಟಚಪ್ ಬಾಕಿ ಇತ್ತಾ?"

"ಇಲ್ಲ ಸಾರ್. ಮನೆ ನೋಡೋಕೆ ಬಂದ್ವಿ. ಬಾಡಿಗೆಗೆ."

"ಬಾಡಿಗೆಗಾ? ಯಾರಿಗೆ?"

"ನಮಗೇ."

ಮಾಲೀಕ ಮೊದಲು ತಮಾಷೆ ಎಂದುಕೊಂಡ. ಆಮೇಲೆ ಬಾಡಿಗೆ ಎಷ್ಟೆಂದು ಹೇಳಿದ. ಬಣ್ಣ ಹಚ್ಚುವ ಮುಂಚೆ ಇದ್ದುದರ ಎರಡರಷ್ಟು! ಪೇಂಟರ್ ಬಾಯಿ ತೆರೆಯುವ ಮೊದಲೇ, "ನಿಮ್ಮದೇ ಕೈಗುಣ ರೀ! ನಿಮ್ಮ ಫಿನಿಶಿಂಗ್ ನೋಡೇ ಜನ ಅಷ್ಟು ಕೊಡೋಕೆ ತಯಾರಾಗಿದ್ದಾರೆ" ಎಂದು ಬೆನ್ನು ತಟ್ಟಿದ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಇಲ್ಲಿ ಮಾಡಿದವನು ಇವನು, ಉಣ್ಣುವವನು ಬೇರೆಯವನು. ಹೊರಗೆ ಬಂದ ಮೇಲೆ ಕಿಡಿ ಗಂಡನ ಮುಖ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಬೀದಿಯಲ್ಲೇ ಅತ್ತುಬಿಡುತ್ತಿದ್ದರು. ಈ ಬಡಾವಣೆಯಲ್ಲಿ ಅವನ ಕೈ ತಾಗದ ಗೋಡೆ ಕಡಿಮೆ, ಅವಳು ಹೊಲಿದ ಗುಂಡಿ ಇಲ್ಲದ ಅಂಗಿ ಕಡಿಮೆ. ಆದರೆ ಅವರಿಬ್ಬರಿಗೆ ತಲೆ ಇಡಲು ಒಂದು ಮೂಲೆ ಇಲ್ಲ. ಬೆಳಿಗ್ಗೆ ಬಂದು ದುಡಿಯಬೇಕು, ಸಂಜೆ ಕಣ್ಣಿಗೆ ಬೀಳದಂತೆ ಎಲ್ಲಿಗಾದರೂ ಮಾಯವಾಗಬೇಕು!

ಕೊನೆಗೆ ಸಿಕ್ಕಿದ್ದು ಒಂದು ಮೂರಂತಸ್ತಿನ ಕಟ್ಟಡದ ಹಿಂಭಾಗ, ನೆಲಮಟ್ಟದಲ್ಲಿ. ಒಂದು ಕೋಣೆ, ಒಂದು ಅಡಿಗೆಮನೆ, ಹೊರಗೆ ಬಚ್ಚಲು. ಬಾಡಿಗೆ ಕೈಗೆ ಎಟುಕುವಂತಿತ್ತು. ಯಾಕೆಂದರೆ ಕೋಣೆಯ ದೊಡ್ಡ ಗೋಡೆ ನೆಲದಿಂದ ಎದೆಯೆತ್ತರಕ್ಕೆ ತೇವ ಹೀರಿ ಊದಿಕೊಂಡಿತ್ತು. ಮುಟ್ಟಿದರೆ ಗಾರೆ ಕೈಗೇ ಬರುತ್ತಿತ್ತು, ಮೂಲೆಯಲ್ಲಿ ಕಪ್ಪು ಬೂಷ್ಟು.

"ಸ್ವಲ್ಪ ತಂಪು ಜಾಸ್ತಿ" ಎಂದ ಮಾಡ್ಸೋಣ.

ಮನೆಯ ಮಾಲೀಕಿತಿಗೆ ಎಲ್ಲರೂ ಓನರಮ್ಮ ಎನ್ನುತ್ತಿದ್ದರು. ಎದುರು ಬೀದಿಯಲ್ಲಿ ದೊಡ್ಡ ಮನೆ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತು. "ನೀವು ನಮ್ಮ ಮನೆಯವರ ಥರಾನೇ ಇರಿ. ನಾನು ಬಾಡಿಗೆದಾರರು ಅಂತ ಯಾವತ್ತೂ ನೋಡಿದವಳಲ್ಲ" ಎಂದರು. ಕಿಡಿ ಗೋಡೆ ತೋರಿಸಿದಳು. "ಗಾಳಿಯಾಡಿದ್ರೆ ಸರಿಹೋಗತ್ತಮ್ಮ" ಎಂದರು ಓನರಮ್ಮ. ಗಾಳಿ ಎಲ್ಲಿಂದ ಬರಬೇಕು? ಕಿಟಕಿಯ ಮುಂದೆ ಒಂದು ಮಾರು ಆಚೆಗೆ ಕಾಂಪೌಂಡು. ಆದರೂ ಬಂದರು. ಬೇರೆಲ್ಲಿಗೆ ಹೋಗುವುದು?

ಮೊದಲ ತಿಂಗಳು ಪೇಂಟರ್ ಆಣೆಗೆ ಕಟ್ಟುಬಿದ್ದು ಗೋಡೆಗೆ ಬೆನ್ನು ಹಾಕಿ ಉಂಡ, ಬೆನ್ನು ಹಾಕಿ ಮಲಗಿದ. ಗುಬ್ಬಿಗೆ ಮಾತ್ರ ಗೋಡೆಯಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಅವಳ ಹಾಸಿಗೆಗೆ ಇದ್ದ ಜಾಗ ಅದೊಂದೇ. ಮಗುವಿನ ಎದೆಯೊಳಗೆ ಶಿಳ್ಳೆ ಶುರುವಾಯಿತು. ವಾರಕ್ಕೊಮ್ಮೆ ಇದ್ದದ್ದು ಎರಡು ದಿನಕ್ಕೊಮ್ಮೆ ಆಯಿತು. ಆರೋಗ್ಯ ಕೇಂದ್ರದ ಡಾಕ್ಟರಮ್ಮ ಹಬೆ ಕೊಡುತ್ತಾ ಬೈದರು. "ನಾನು ಇಲ್ಲಿ ಕೊಡೋ ಔಷಧಿನೆಲ್ಲ ಆ ಗೋಡೆ ತಿಂದುಹಾಕ್ತಿದೆ. ಮಗೂನ ತೇವದಿಂದ ಆಚೆ ಇಡಿ."

ಆಚೆ ಎಂದರೆ ಎಲ್ಲಿ? ಬೀದಿಯಲ್ಲಿ? ಅದನ್ನು ಯಾವ ಡಾಕ್ಟರೂ ಬರೆದುಕೊಡುವುದಿಲ್ಲ.

ಕಿಡಿ ಓನರಮ್ಮನ ಮನೆಗೆ ಹೋದಳು. ತನ್ನ ಬಾಯಿಗೆ ತಾನೇ ಬೀಗ ಹಾಕಿಕೊಂಡು, ಆದಷ್ಟು ಮೆತ್ತಗೆ ಕೇಳಿದಳು: ಮಗುವಿಗೆ ಉಬ್ಬಸ, ಮೇಲಿನ ಮನೆಯ ಬಚ್ಚಲ ಪೈಪು ಒಡೆದು ನೀರು ಗೋಡೆಯೊಳಗೆ ಇಳಿಯುತ್ತಿದೆ, ಅದನ್ನೊಂದು ಸರಿಮಾಡಿಸಿದರೆ ಸಾಕು, ಮಿಕ್ಕ ಕೆಲಸ ನನ್ನ ಗಂಡ ಮಾಡಿಕೊಳ್ಳುತ್ತಾರೆ. ಓನರಮ್ಮ ತಲೆ ಸವರಿದರು. "ಕಷ್ಟ ಅರ್ಥ ಆಗತ್ತಮ್ಮ. ಆದ್ರೆ ನೀವು ಕೊಡೋ ಬಾಡಿಗೇಲಿ ನಾನು ಪೈಪು ಹಾಕಿಸಲಾ? ಆಗಲ್ಲ ಅನ್ನೋದಾದ್ರೆ ಬಲವಂತ ಏನಿಲ್ಲ. ಆ ಮನೆಗೆ ಕ್ಯೂ ನಿಂತಿದ್ದಾರೆ ಜನ." ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು ಕಿಡಿಗೆ. ಉಗುಳಿದರೆ ಮನೆ ಹೋಗುತ್ತದೆ, ನುಂಗಿದರೆ ಮಗು.

ಮನೆಗೆ ಬಂದವಳೇ ಗಂಡನ ಸಾಮಾನಿನ ಚೀಲವನ್ನು ಅವನ ಕಾಲ ಬಳಿ ಸುರಿದಳು. "ಕರಣೆ ತಗೊಳ್ಳಿ."

"ಆಣೆ?"

"ಹಾಕಿಸಿದವಳೂ ನಾನೇ, ಬಿಡಿಸ್ತಿರೋಳೂ ನಾನೇ. ತಗೊಳ್ಳಿ ಅಂದ್ನಲ್ಲ!"

ಪೇಂಟರ್ ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ಮೊದಲು ಹೊರಗೆ ಹೋಗಿ ಪೈಪಿನ ಒಡಕು ಮುಚ್ಚಿದ. ಆಮೇಲೆ ಹಳೆಯ ಗಾರೆಯನ್ನು ಇಟ್ಟಿಗೆ ಕಾಣುವ ತನಕ ಕೆತ್ತಿ ತೆಗೆದ. ಇಟ್ಟಿಗೆ ಒಣಗಲು ವಾರಗಟ್ಟಲೆ ಫ್ಯಾನು ತಿರುಗಿಸಿ ಇಟ್ಟರು. ಅಷ್ಟು ದಿನ ಮೂವರೂ ಅಡಿಗೆಮನೆಯಲ್ಲಿ ಪಾತ್ರೆಗಳ ನಡುವೆ ಮಲಗಿದರು. ನೀರು ತಡೆಯುವ ಲೇಪ, ಹೊಸ ಗಾರೆ, ಪುಟ್ಟಿ, ಅದರ ಮೇಲೆ ಹಾಲಿನಂಥ ಬಿಳಿ. ಗೋಡೆ ಕೆನ್ನೆಯ ಹಾಗೆ ನುಣುಪಾಯಿತು. ಗುಬ್ಬಿಯ ಎದೆಯ ಶಿಳ್ಳೆ ಮೆಲ್ಲಗೆ ತಗ್ಗಿತು, ಆಮೇಲೆ ನಿಂತೇಹೋಯಿತು. ಆರೋಗ್ಯ ಕೇಂದ್ರದ ದಾರಿ ಮರೆತುಹೋಗುವಷ್ಟು ದಿನ ಕಳೆಯಿತು. ಮಗು ಬೀದಿಯಲ್ಲಿ ಓಡಿ ಬಂದು, ಏದುಸಿರು ಬಿಡದೆ, "ಅಮ್ಮಾ ನೀರು" ಎಂದು ಕೇಳಿದ ದಿನ ಕಿಡಿ ಕೈಯಲ್ಲಿದ್ದ ಸೂಜಿ ಕೆಳಗಿಟ್ಟು ಅತ್ತಳು.

ಸುಖ ಎಷ್ಟು ದಿನ? ವರ್ಷ ತುಂಬಲು ಬಂತು. ಅಲ್ಲಿಯ ತನಕ ಓನರಮ್ಮ ಬಾಡಿಗೆಯನ್ನು ಗೇಟಿನ ಹತ್ತಿರವೇ ಇಸಿದುಕೊಂಡು ಹೋಗುತ್ತಿದ್ದರು. ಒಂದು ಬೆಳಿಗ್ಗೆ ಫೋನ್ ಮಾಡಿ, "ಈ ಸಲ ಒಳಗೇ ಬಂದು ಮನೆ ನೋಡ್ತೀನಮ್ಮ. ಬೀದೀಲಿ ಎಲ್ಲರೂ ಬಾಡಿಗೆ ಜಾಸ್ತಿ ಮಾಡಿದ್ದಾರಂತೆ. ನಮ್ಮದೂ ಒಂದು ನಿರ್ಧಾರ ಮಾಡೋಣ" ಎಂದರು. ದನಿಯಲ್ಲಿ ಜೇನು ಸುರಿಯುತ್ತಿತ್ತು.

ಗಂಡ ಹೆಂಡತಿ ಆ ಬಿಳಿ ಗೋಡೆಯನ್ನೇ ನೋಡುತ್ತಾ ಕೂತರು. ಇಡೀ ಬಡಾವಣೆಯಲ್ಲಿ ಅಂಥ ಗೋಡೆ ಇನ್ನೊಂದಿರಲಿಲ್ಲ. ಓನರಮ್ಮ ಒಂದು ಸಲ ನೋಡಿದರೆ ಮುಗಿಯಿತು, ಸಾಮಾನು ಕಟ್ಟಬೇಕು. ಆಮೇಲೆ ಮತ್ತೆ ಮಾಡ್ಸೋಣನ ಸ್ಕೂಟರು, ಮತ್ತೆ ಎಲ್ಲೋ ಇನ್ನೊಂದು ತೇವದ ಗೋಡೆ, ಮತ್ತೆ ಮಗುವಿನ ಶಿಳ್ಳೆ.

"ಬಟ್ಟೆ ಇಳಿಬಿಟ್ಟು ಮುಚ್ಚೋಣ್ವಾ?" ಎಂದ ಪೇಂಟರ್.

"ಇಡೀ ಗೋಡೆನಾ? ಸೇಲ್ ಅಂಗಡಿ ಅನ್ಕೋತಾಳೆ." ಕಿಡಿ ಉಗುರು ಕಚ್ಚುತ್ತಿದ್ದಳು. ಥಟ್ಟನೆ ತಿರುಗಿದಳು. "ರೀ, ಕಬ್ಬಿಣದ ಬಾಗಿಲಿಗೆ ಮರದ ಗೆರೆ ಬರೀತೀರಲ್ಲ?"

"ಹೂಂ. ತೇಗದ ಥರ ಬೇಕಾ, ಬೀಟೆ ಥರ ಬೇಕಾ ಕೇಳಿ ಬರೀತೀನಿ. ಮುಟ್ಟಿ ನೋಡಿದ್ರೂ ಕಬ್ಬಿಣ ಅಂತ ನಂಬಲ್ಲ ಜನ."

"ಕಬ್ಬಿಣಕ್ಕೆ ಮರ ಬರೆಯೋರಿಗೆ, ಒಣ ಗೋಡೆಗೆ ತೇವ ಬರೆಯೋಕಾಗಲ್ವಾ?"

ಪೇಂಟರ್ ಬಾಯಿ ಬಿಟ್ಟುಕೊಂಡು ನೋಡಿದ. ಅರ್ಥವಾದ ಮೇಲೆ ಕೆನ್ನೆಗೆ ಹೊಡೆಸಿಕೊಂಡವನಂತೆ ಎದ್ದು ನಿಂತ. "ನನ್ನ ಕೈಯಿಂದ? ಈ ಗೋಡೆನಾ? ನಾನೇ ಕೆಡಿಸ್ಬೇಕಾ? ಇದಕ್ಕಿಂತ ನನ್ನ ಕೈ ಕಡಿದುಬಿಡೇ!"

"ಕೈ ಆಮೇಲೆ ಕಡಿಯೋಣ, ಮೊದಲು ಬಳೀರಿ."

ಒಲ್ಲದ ಮನಸ್ಸಿನಿಂದಲೇ ಶುರು ಮಾಡಿದ. ಟೀ ಡಿಕಾಕ್ಷನ್ನಿಗೆ ಚೂರು ಕಂದು ಬೆರೆಸಿ, ನೀರಾಗಿ ಮಾಡಿ, ನೆಲದಿಂದ ಮೇಲಕ್ಕೆ ಒದ್ದೆ ಬಟ್ಟೆಯಲ್ಲಿ ಒತ್ತಿದ. ಅಂಚಿಗೆ ಒಂದು ಗಾಢ ಗೆರೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕಪ್ಪು ಚಿಮುಕಿಸಿದ, ಬೂಷ್ಟು ಹತ್ತಿತು. ಸುಣ್ಣದ ಪುಡಿ ಊದಿದ, ಉಪ್ಪು ಉಬ್ಬಿದಂತಾಯಿತು. ಬರುಬರುತ್ತಾ ಕೈಗೆ ರುಚಿ ಹತ್ತಿತು ನೋಡಿ, ಒಲ್ಲೆ ಎಂದವನು ನಿಲ್ಲಿಸಲೇ ಒಲ್ಲ! ಎಡಗಡೆ ಒಂದು ಕಲೆ ಬಂದರೆ ಬಲಗಡೆ ಅದಕ್ಕೆ ಜೋಡಿ, ನಡುವೆ ಹದವಾಗಿ ತೆಳುವಾಗುವ ಛಾಯೆ. ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡಿಕೊಂಡ. ಕಿಡಿ ಬಂದು ಸೊಂಟದ ಮೇಲೆ ಕೈ ಇಟ್ಟಳು.

"ಏನ್ರೀ ಇದು? ತೇವಾನೋ, ಗೋಡೆಗೆ ಹೂವಿನ ಅಂಚೋ? ಯಾವ ಊರಲ್ಲಿ ತೇವ ಇಷ್ಟು ಚೆಂದ ಇರತ್ತೆ? ಓನರಮ್ಮ ಇದಕ್ಕೂ ಸೇರಿಸಿ ಬಾಡಿಗೆ ಕೇಳ್ತಾಳೆ!"

ಗಂಡನಿಗೆ ಚೆನ್ನಾಗಿ ಮಾಡಿ ಗೊತ್ತೇ ಹೊರತು ಕೆಟ್ಟದಾಗಿ ಮಾಡಿ ಗೊತ್ತಿಲ್ಲ. ಕೊನೆಗೆ ಅವಳೇ ಬಟ್ಟೆ ಕಿತ್ತುಕೊಂಡು, ಗೋಡೆಯನ್ನು ಓನರಮ್ಮನ ಮುಖವೆಂದು ಭಾವಿಸಿ ಅಡ್ಡಾದಿಡ್ಡಿ ಬಡಿದಳು. ಆಗ ಸರಿಹೋಯಿತು. ವಾಸನೆಗೆಂದು ಹಳೆಯ ಗೋಣಿಚೀಲ ನೆನೆಸಿ ಬಾಗಿಲ ಹಿಂದೆ ನೇತುಹಾಕಿದಳು. ಗುಬ್ಬಿ ಶಾಲೆಯಿಂದ ಬಂದವಳು ಗೋಡೆ ನೋಡಿ ಹೆದರಿ ಅಪ್ಪನ ಕಾಲು ಹಿಡಿದುಕೊಂಡಳು. ಮುಟ್ಟಿಸಿ ತೋರಿಸಿದ ಮೇಲೆ ನಕ್ಕಳು.

ಓನರಮ್ಮ ಬಂದದ್ದು ರಜೆಯ ದಿನ, ಬಿಸಿಲು ಏರುವ ಹೊತ್ತಿಗೆ. ಕಿಡಿ ಎಲ್ಲ ಪ್ರಶ್ನೆಗೂ ಉತ್ತರ ಕೂಡಿಟ್ಟುಕೊಂಡಿದ್ದಳು. ತೇವ ಯಾಕೆ ಏರಿತು ಎಂದರೆ ಇದು, ಗಂಡ ಪೇಂಟರ್ ಅಲ್ಲವೇ ಎಂದರೆ ಅದು. ಅಯ್ಯೋ, ಮಗು ಇಂಥ ಗೋಡೆ ಪಕ್ಕ ಮಲಗುತ್ತದೆಯೇ ಎಂದು ಕೇಳಿದರೆ ಏನು ಹೇಳುವುದೆಂದು ಮಾತ್ರ ಬಹಳ ಹೊತ್ತು ಯೋಚಿಸಿದ್ದಳು. ಹೆಂಗಸು, ಮೊಮ್ಮಕ್ಕಳನ್ನು ಕಂಡವರು, ಕೇಳಿಯೇ ಕೇಳುತ್ತಾರೆ. ಇಲ್ಲಮ್ಮ, ಅಡಿಗೆಮನೆಯಲ್ಲಿ ಮಲಗಿಸುತ್ತೇವೆ, ಚಿಂತೆ ಮಾಡಬೇಡಿ ಎನ್ನಬೇಕು. ಸುಳ್ಳಾದರೂ ಅವರ ಮನಸ್ಸಿಗೆ ನೋವಾಗಬಾರದು. ನೋಡಿ ಇವಳ ಹುಚ್ಚು! ಕಿಡಿ ಎಂದು ಹೆಸರಿಟ್ಟುಕೊಂಡು ಓನರಮ್ಮನ ಮನಸ್ಸಿನ ನೋವಿಗೆ ಮುಲಾಮು ಅರೆದಿಟ್ಟುಕೊಂಡಿದ್ದಳು.

ಗುಬ್ಬಿ ತನ್ನ ಹಾಸಿಗೆಯ ಮೇಲೆ ಬೋರಲು ಮಲಗಿ, ಗೋಡೆಗೆ ಭುಜ ತಾಗಿಸಿಕೊಂಡು ಹಾಳೆಯ ಮೇಲೆ ಏನೋ ಗೀಚುತ್ತಿದ್ದಳು. ಓನರಮ್ಮ ಹೊಸ್ತಿಲಿಗೆ ಬಂದರು. ಒಂದು ಕಾಲು ಒಳಗೆ ಇಟ್ಟರು. ಗೋಡೆ ನೋಡಿದರು, ಅದರ ಕೆಳಗಿದ್ದ ಮಗುವನ್ನೂ ನೋಡಿದರು. ಕಣ್ಣು ಮಗುವಿನ ಮೇಲೆ ನಿಂತದ್ದನ್ನು ಕಿಡಿ ತನ್ನ ಕಣ್ಣಾರೆ ಕಂಡಳು. ಇನ್ನೇನು ಕೇಳುತ್ತಾರೆ ಎಂದು ಉತ್ತರವನ್ನು ನಾಲಿಗೆಯ ತುದಿಗೆ ತಂದುಕೊಂಡಳು.

ಓನರಮ್ಮ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದರು. ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಮ್ಮಿದರು. ಟೀ ಡಿಕಾಕ್ಷನ್ ಬಳಿದ ಒಣ ಗೋಡೆ ನೋಡಿ ಎದೆ ಹಿಡಿದುಕೊಂಡು ಕೆಮ್ಮಿದರು! "ಅಬ್ಬಬ್ಬ, ನಾನು ಒಳಗೆ ಬರಲ್ಲಮ್ಮ. ನನಗೆ ಉಬ್ಬಸ ಇದೆ. ಇಂಥ ತೇವದ ಹತ್ತಿರ ನಿಲ್ಲಲೇಬಾರದು ಅಂತ ಡಾಕ್ಟರು ಹೇಳಿಬಿಟ್ಟಿದ್ದಾರೆ. ಒಂದು ನಿಮಿಷ ಇದ್ರೂ ನನ್ನ ಪ್ರಾಣಕ್ಕೇ ಬರತ್ತೆ."

ಹಿಂದೆ ನಿಂತಿದ್ದ ಪೇಂಟರ್ ನಗು ತಡೆಯಲಾರದೆ ಅಡಿಗೆಮನೆಗೆ ನುಗ್ಗಿದ. ಓನರಮ್ಮ ಅಂಗಳಕ್ಕೆ ಇಳಿದು ಉಸಿರು ಸರಿಮಾಡಿಕೊಂಡರು. "ಬಾಡಿಗೆ ಜಾಸ್ತಿ ಮಾಡೋಣ ಅಂತಲೇ ಬಂದಿದ್ದೆ. ಇರಲಿ ಬಿಡು. ಈ ವರ್ಷ ಹೀಗೇ ನಡೀಲಿ. ನಾನೂ ಮನುಷ್ಯಳೇ ಅಲ್ವಾ" ಎಂದರು.

ಗೆದ್ದಾಯಿತು. ಮನೆ ಉಳಿಯಿತು, ಬಾಡಿಗೆ ಏರಲಿಲ್ಲ. ಕಿಡಿ ಕುಣಿಯಬೇಕಿತ್ತು. ಆದರೆ ಕಾಲು ತಾನಾಗಿ ಓನರಮ್ಮನ ಹಿಂದೆ ಗೇಟಿನ ತನಕ ಹೋಯಿತು.

"ಅಮ್ಮಾ, ಮಗೂಗೂ ಉಬ್ಬಸ ಇದೆ. ನಿಮಗೆ ಹೇಳಿದ್ದೆ."

"ಹೂಂ, ಹೇಳಿದ್ದೆ ಹೇಳಿದ್ದೆ."

"ಅವಳು ಮಲಗೋದು ಆ ಗೋಡೆ ಪಕ್ಕಾನೇ."

ಓನರಮ್ಮ ಗೇಟಿನ ಚಿಲಕ ತೆಗೆಯುತ್ತಾ ಕಿಡಿಯ ಭುಜ ತಟ್ಟಿದರು. "ಮಕ್ಕಳಿಗೆ ಅಭ್ಯಾಸ ಆಗಿಹೋಗತ್ತಮ್ಮ. ನಿಮ್ಮ ಮಕ್ಕಳು ಗಟ್ಟಿ. ನಮ್ಮ ಥರ ಅಲ್ಲ."

ಯಾರಿಗೂ ಹೆದರದ, ಬೀಗದ ಕೈ ಸೆರಗಿಗೆ ಸೇರಿಸಿದವಳಿಗೆ ಮುಖಕ್ಕೇ ಉತ್ತರ ಕೊಟ್ಟ ಆ ಬಾಯಿ ಅಂದು ತೆರೆಯಲಿಲ್ಲ. ತೆರೆದರೆ ಮನೆ ಹೋಗುತ್ತಿತ್ತು. "ಹೂಂ ಅಮ್ಮ" ಎಂದಳು. ಹೂಂ ಅಮ್ಮ! ಗೇಟು ಹಾಕಿಕೊಂಡಿತು. ಉಬ್ಬಸ ಎಂದರೆ ಏನೆಂದು ಗೊತ್ತಿಲ್ಲದವರಾಗಿದ್ದರೆ ಕ್ಷಮಿಸಬಹುದಿತ್ತು. ಉಸಿರು ಸಿಕ್ಕದೆ ಒದ್ದಾಡುವುದು ಹೇಗಿರುತ್ತದೆಂದು ಆ ಹೆಂಗಸಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನೋಡಿದಳು, ನೋಡಿಯೂ ನಡೆದಳು. ಇದು ನಿಜವಾದ ತೇವವೇ ಆಗಿದ್ದರೂ ಹೀಗೇ ನಡೆಯುತ್ತಿದ್ದಳು. ಹೋದ ವರ್ಷ ಅದು ನಿಜವಾದ ತೇವವೇ ಆಗಿತ್ತಲ್ಲ!

ಒಳಗೆ ಪೇಂಟರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ನೋಡಿದ್ಯೇನೇ! ಬಣ್ಣ ನೋಡಿ ಕೆಮ್ಮಿದ್ರು! ನನ್ನ ಜನ್ಮದಲ್ಲಿ ಇಂಥ ಕೆಲಸ ಮಾಡಿಲ್ಲ ಕಣೇ. ಗೆದ್ವಿ!" ಹೆಂಡತಿಯ ಮುಖ ಕಂಡು ನಗು ಅರ್ಧಕ್ಕೆ ನಿಂತಿತು. ಕಿಡಿ ಬಾಗಿಲ ಹಿಂದಿನ ಒದ್ದೆ ಗೋಣಿಚೀಲ ಕಿತ್ತು ಅಂಗಳಕ್ಕೆ ಎಸೆದಳು. ಮಗಳ ಪಕ್ಕ ಕೂತು ಅವಳ ಬೆನ್ನಿನ ಮೇಲೆ ಅಂಗೈ ಇಟ್ಟಳು. ಉಸಿರು ಸರಾಗವಾಗಿ ಏರಿ ಇಳಿಯುತ್ತಿತ್ತು.

"ಒಂದು ಮಾತು, ರೀ. 'ಅಯ್ಯೋ ಮಗು' ಅಂತ ಒಂದೇ ಒಂದು ಮಾತು. ಅದಕ್ಕೆ ದುಡ್ಡು ಕೊಡಬೇಕಾಗಿತ್ತಾ ಅವಳು?"

ಪೇಂಟರ್ ಬಂದು ಮಗುವಿನ ಇನ್ನೊಂದು ಪಕ್ಕ ಕೂತ.

"ಮುಂದಿನ ತಿಂಗಳು ಇನ್ನೂ ಬಳೀರಿ. ಇವಳ ದಿಂಬಿನ ತನಕ ಇಳಿಸಿ."

"ಮನೆ ಉಳೀತಲ್ಲೇ, ಇನ್ನೂ ಯಾಕೆ?"

"ಆ ಮಾತು ಅವಳ ಬಾಯಿಂದ ಬರಲಿ. ಬಂದ ದಿನ ನಾನೇ ಬಟ್ಟೆ ತಗೊಂಡು ಅವಳೆದುರಿಗೇ ಗೋಡೆ ಒರೆಸ್ತೀನಿ, ನಿಜ ಹೇಳ್ತೀನಿ. ಬಾಡಿಗೆ ಏರಿಸ್ತಾಳಾ, ಏರಿಸಲಿ. ಮನೆ ಬಿಡಿಸ್ತಾಳಾ, ಬಿಡಿಸಲಿ."

ಕಿಡಿ ಆಡಿದ ಮಾತಿಗೆ ತಪ್ಪುವವಳಲ್ಲ. ಓನರಮ್ಮ ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ. ಅಂಗಳದಲ್ಲಿ ನಿಂತು ಬಾಗಿಲೊಳಗೆ ಇಣುಕುತ್ತಾರೆ, ಮಗುವನ್ನು ನೋಡುತ್ತಾರೆ, ಮೂಗು ಮುಚ್ಚಿಕೊಂಡು ಕೆಮ್ಮುತ್ತಾರೆ, ಬಾಡಿಗೆ ಇಸಿದುಕೊಂಡು ಹೋಗುತ್ತಾರೆ. ತೇವ ಎದೆಯೆತ್ತರದಿಂದ ಸೂರಿಗೆ ಏರಿತು, ಸೂರಿನಿಂದ ಗುಬ್ಬಿಯ ದಿಂಬಿಗೆ ಇಳಿಯಿತು. ಆ ಗೋಡೆಯಲ್ಲಿ ಬಳಿಯಲು ಅಂಗೈಯಷ್ಟು ಜಾಗವೂ ಉಳಿಯಲಿಲ್ಲ. ಹೋದ ವಾರ ಪೇಂಟರ್ ಪಕ್ಕದ ಗೋಡೆ ಶುರು ಮಾಡಿದ.